ದೊಡ್ಡ ಪಟ, ಸಣ್ಣ ಹಾಳೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಲ್ಲಿ ಕಾವ್ಯವನ್ನೋ ಇತಿಹಾಸವನ್ನೋ ಕುರಿತು ಮಾತನಾಡುವುದು ವಾಡಿಕೆ. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ನಮ್ಮಂಥವರಿಗೆ ಆ ಅಧಿಕಾರವಿಲ್ಲ. ನಮಗೆ ಪರಿಚಯವಿರುವುದು ಸಾಲು, ಅಂಕಣ, ಹಾಳೆ. ಆದುದರಿಂದ ದೊಡ್ಡದೊಂದು ಪಟವನ್ನು ಸಣ್ಣ ಹಾಳೆಗಳ ಮೇಲೆ ಮುದ್ರಿಸಿ ಜೋಡಿಸುವ ಬಗೆಯನ್ನು ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ. ವಿಷಯ ಚಿಕ್ಕದು, ಅದರ ಹಿಂದಿನ ಪ್ರಶ್ನೆ ಚಿಕ್ಕದಲ್ಲ.

ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ಬೇರೆ ಭಾಷೆಗಳನ್ನು ಓದುತ್ತ ಬೆಳೆಯುವ ನಮ್ಮ ಮಕ್ಕಳು ಪಂಪ, ಬಸವಣ್ಣ, ಪುರಂದರದಾಸ ಎಂಬ ಹೆಸರುಗಳನ್ನು ಬಿಡಿಬಿಡಿಯಾಗಿ ಕೇಳಿರುತ್ತಾರೆ. ಯಾರು ಮೊದಲು, ಯಾರು ಆಮೇಲೆ, ನಡುವೆ ಎಷ್ಟು ಕಾಲ ಎಂಬುದು ಅವರಿಗೆ ತಿಳಿಯದು. ಸಂಘದ ಗೋಡೆಯ ಮೇಲೆ ಒಂದು ಕಾಲಪಟವಿದ್ದರೆ ನಿಂತು ನೋಡಿಯಾರು. ಆದರೆ ಆ ಪಟ ಎಷ್ಟು ಉದ್ದವಾಗಬೇಕು?

ಲೆಕ್ಕ ಹಾಕೋಣ. ಸುಮಾರು 450ರ ಹಲ್ಮಿಡಿ ಶಾಸನದಿಂದ ನಾಡಿಗೆ ಕರ್ನಾಟಕವೆಂಬ ಹೆಸರು ಬಂದ 1973ರವರೆಗೆ 1523 ವರ್ಷ. ವರ್ಷಕ್ಕೊಂದು ಮಿಲಿಮೀಟರಿನಂತೆ 1523 ಮಿ.ಮೀ. ಎಡಗಡೆ ಶೀರ್ಷಿಕೆಗೆ 40 ಸೇರಿಸಿದರೆ 1563. ನಮ್ಮ ಕೈಯಲ್ಲಿರುವ ಎ4 ಹಾಳೆಯಾದರೋ 297 ಮಿ.ಮೀ. ಉದ್ದ, 210 ಅಗಲ. ಮುದ್ರಣಯಂತ್ರಗಳಲ್ಲಿ ಹೆಚ್ಚಿನವು ಅಂಚಿನವರೆಗೆ ಮಸಿ ಹಾಕುವುದಿಲ್ಲ. ಎರಡು ಕಡೆಯೂ ಹತ್ತು ಹತ್ತು ಬಿಟ್ಟರೆ ಉಳಿಯುವುದು 277.

ಎಲ್ಲವನ್ನೂ ಒಂದೇ ಹಾಳೆಗೆ ಕುಗ್ಗಿಸಿಬಿಡಿ ಎನ್ನುವವರುಂಟು. ಯಂತ್ರ ಮರುಮಾತಾಡದೆ ಕುಗ್ಗಿಸುತ್ತದೆ. ಆದರೆ ಪಟ ಐದೂವರೆ ಪಟ್ಟಿಗಿಂತ ಹೆಚ್ಚು ಕಿರಿದಾಗಿ, 18 ಪಾಯಿಂಟಿನ ಅಕ್ಷರ ಮೂರಕ್ಕೆ ಇಳಿಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಹೇಗೋ ಬದುಕೀತು. ನಮ್ಮ ಒತ್ತಕ್ಷರ ಬದುಕದು. ‘ರಾಷ್ಟ್ರಕೂಟ’ ಎಂಬಲ್ಲಿ ಷಕಾರದ ಕೆಳಗೆ ತೂಗುವ ಎರಡು ಒತ್ತುಗಳು ಒಂದು ಮಸಿಯ ಚುಕ್ಕೆಯಾಗುತ್ತವೆ. ಓದಲಾಗದ ಕನ್ನಡವನ್ನು ಗೋಡೆಗೆ ಹಚ್ಚಿ ಮಕ್ಕಳಿಗೆ ಓದಿರೆನ್ನುವುದು ನ್ಯಾಯವಲ್ಲ. ಫ್ಲೆಕ್ಸ್ ಅಂಗಡಿಯಲ್ಲಿ ಒಂದೇ ತುಂಡಾಗಿ ಮಾಡಿಸಬಹುದು; ಆದರೆ ಒಂದು ಇಸವಿ ತಿದ್ದಬೇಕಾದರೆ ಇಡೀ ಪಟವನ್ನೇ ಮತ್ತೆ ಮಾಡಿಸಬೇಕು. ಹಾಳೆಗಳಾದರೆ ಆ ಒಂದು ಹಾಳೆ ಬದಲಾಯಿಸಿದರೆ ಸಾಕು.

ಆದುದರಿಂದ ಹಂಚುವುದೇ ಸರಿ. ಒಂದು ಹಾಳೆ ಇನ್ನೊಂದರ ಮೇಲೆ ಹತ್ತು ಮಿ.ಮೀ. ಏರಿ ಕೂರಬೇಕು, ಇಲ್ಲವಾದರೆ ಸಂದಿನಲ್ಲಿ ಬಿಳಿಯ ಗೆರೆ ಕಾಣುತ್ತದೆ. ಮೊದಲ ಹಾಳೆ 277, ಉಳಿದ ಐದು ತಲಾ 267, ಒಟ್ಟು 1612 ಮಿ.ಮೀ. ಆರು ಹಾಳೆಗಳಲ್ಲಿ ಐದೂಕಾಲು ಅಡಿಯ ಪಟ! 1973ರ ಆಚೆಗೂ 49 ವರ್ಷಕ್ಕೆ ಸ್ಥಳವಿದೆ.

ಎಲ್ಲಿ ಕತ್ತರಿ ಬೀಳುತ್ತದೆಂಬುದನ್ನು ಮೊದಲೇ ನೋಡಿಕೊಳ್ಳಬೇಕು. ನಮ್ಮ ಲೆಕ್ಕದಲ್ಲಿ ಮೂರನೆಯ ಹಾಳೆ 944ರಲ್ಲಿ ಆರಂಭವಾಗುತ್ತದೆ. ಪಂಪನ ಆದಿಪುರಾಣದ ಕಾಲ 941. ಹೆಸರನ್ನು ಗುರುತಿನ ಬಲಕ್ಕೆ ಬರೆದರೆ ಆದಿಕವಿಯ ಹೆಸರಿನ ಮೇಲೆಯೇ ಸಂದು ಬರುತ್ತದೆ. ಎಡಕ್ಕೆ ಬರೆದರೆ ಎರಡನೆಯ ಹಾಳೆಯಲ್ಲಿ ಇಡಿಯಾಗಿ ಉಳಿಯುತ್ತದೆ. ಸಂಪ್ರದಾಯದಂತೆ ಪುರಂದರದಾಸರು ಹುಟ್ಟಿದ 1484 ನಾಲ್ಕು, ಐದನೆಯ ಹಾಳೆಗಳೆರಡರಲ್ಲೂ ಬರುತ್ತದೆ. ಅದು ದೋಷವಲ್ಲ, ಅನುಕೂಲ. ಬೆಳಕಿಗೆ ಹಿಡಿದಾಗ ಎರಡು ಗುರುತುಗಳೂ ಒಂದಾದರೆ ಜೋಡಣೆ ನೇರವಾಗಿದೆ ಎಂದರ್ಥ. ಮೈಸೂರು ಒಡೆಯರ ಪಟ್ಟಿ 1399ರಿಂದ ಮೂರು ಹಾಳೆಗಳಲ್ಲಿ ಹರಿಯುವುದರಿಂದ ಹೆಸರನ್ನು ಮೂರು ಕಡೆಯೂ ಬರೆಯಬೇಕು. ಲೆಡ್ಜರಿನಲ್ಲಿ ಪುಟ ತುಂಬಿದಾಗ ಮೊತ್ತವನ್ನು ಮುಂದಿನ ಪುಟದ ತಲೆಗೆ ಒಯ್ಯುವುದಿಲ್ಲವೇ? ಹಾಗೆ.

ಈ ಕಲೆಯಲ್ಲಿ ಭಾರತ ಸರ್ವೇಕ್ಷಣಾ ಇಲಾಖೆ ನಮ್ಮ ಗುರು. ಅದರ ಹಳೆಯ ಕ್ರಮದಲ್ಲಿ ನಾಲ್ಕು ಡಿಗ್ರಿ ಚೌಕದ ನಕ್ಷೆಯನ್ನು ಎ ಯಿಂದ ಪಿ ವರೆಗೆ ಹದಿನಾರು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹದಿನಾರು ಮಾಡುತ್ತಾರೆ. ಮೊದಲು ಕೆಳಕ್ಕೆ, ಆಮೇಲೆ ಬಲಕ್ಕೆ ಎಣಿಕೆ. ಬೆಂಗಳೂರು 57 ಜಿ/12 ಮತ್ತು 57 ಎಚ್/9 ಎಂಬ ಹಾಳೆಗಳಿಗೆ ಹಂಚಿಹೋಗಿದೆ. ಹಾಗೆಂದು ಯಾರೂ ದಾರಿ ತಪ್ಪಿಲ್ಲ. ಪಕ್ಕದ ಹಾಳೆ ಯಾವುದೆಂದು ಅಂಚಿನಲ್ಲೇ ಬರೆದಿರುತ್ತದೆ. ನಾವೂ ‘6ರಲ್ಲಿ 3’ ಎಂದು ಮೂಲೆಯಲ್ಲಿ ಬರೆಯೋಣ.

ಇನ್ನು ಯಂತ್ರದ ಮಾತು. ಪಟ ಎಕ್ಸೆಲ್‌ನಲ್ಲಿದ್ದರೆ ‘ಪೇಜ್ ಬ್ರೇಕ್ ಪ್ರಿವ್ಯೂ’ ತೆರೆದರೆ ಹಾಳೆಯ ಗಡಿಗಳು ನೀಲಿ ಗೆರೆಗಳಾಗಿ ಕಾಣುತ್ತವೆ, ಹಿಡಿದು ಸರಿಸಬಹುದು. ಹಾಳೆಯ ಅಳತೆ ಮೀರಿ ಸರಿಸಿದರೆ ಅದು ಸದ್ದಿಲ್ಲದೆ ಅಕ್ಷರ ಕುಗ್ಗಿಸುತ್ತದೆ. ಸ್ಕೇಲ್ 100 ಇದೆಯೇ ಎಂದು ಮತ್ತೆ ನೋಡಿ. ಬಿಡಿಯಾಗಿ ಓದುವ ಕಡತವಾದರೆ ‘ಪ್ರಿಂಟ್ ಟೈಟಲ್ಸ್’ನಿಂದ ಶೀರ್ಷಿಕೆಯನ್ನು ಪ್ರತಿ ಪುಟದಲ್ಲೂ ತರಿಸಬಹುದು; ಗೋಡೆಯ ಪಟಕ್ಕೆ ಅದು ಬೇಡ, ಜೋಡಿಸಿದಾಗ ನಡುನಡುವೆ ಅಡ್ಡ ಬರುತ್ತದೆ. ಪಿಡಿಎಫ್ ಆದರೆ ಅಡೋಬಿ ರೀಡರಿನ ‘ಪೋಸ್ಟರ್’ ಆಯ್ಕೆಯಲ್ಲಿ ಏರಿಕೆಯ ಅಳತೆ, ಕತ್ತರಿಸುವ ಗುರುತು, ಹಾಳೆಯ ಹೆಸರು ಎಲ್ಲವೂ ದೊರೆಯುತ್ತವೆ. ಪಟದಲ್ಲಿ ನೂರು ಮಿ.ಮೀ. ಗೆರೆಯೊಂದನ್ನು ಎಳೆದು, ಮೊದಲು ಒಂದೇ ಹಾಳೆ ಮುದ್ರಿಸಿ ಅಳತೆಪಟ್ಟಿ ಇಟ್ಟು ನೋಡಿ.

ಅಂಟಿಸುವಾಗ ಎರಡನೆಯ ಹಾಳೆಯಿಂದ ಮುಂದಕ್ಕೆ ಎಡ ಅಂಚನ್ನು ಮಾತ್ರ ಕತ್ತರಿಸಬೇಕು. ಬಲದ ಅಂಚು ಅಂಟಿಗೆ ಇರಲಿ. ಗೋಡೆಯ ಮೇಲಲ್ಲ, ನೆಲದ ಮೇಲೆ ಜೋಡಿಸಿ ಆಮೇಲೆ ಎತ್ತಿ ಹಚ್ಚಬೇಕು. ಮಕ್ಕಳ ಕೈಗೇ ಕೊಡಿ. ಜೋಡಿಸಿದವರು ಓದದೆ ಇರಲಾರರು.

ಆರನೆಯ ಹಾಳೆಯಲ್ಲಿ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಬಣ್ಣದ ಪಟ್ಟಿಗಳು ಬರುತ್ತವೆ. 1956ರ ನವೆಂಬರ್ 1ರಂದು ಕನ್ನಡ ಭಾಗಗಳೆಲ್ಲ ಒಂದೇ ಪಟ್ಟಿಯಾಗುತ್ತವೆ. ಬೇರೆ ಬೇರೆ ಹಾಳೆಗಳಲ್ಲಿದ್ದ ನಾಡನ್ನು ಹಿರಿಯರು ಅಂಚಿಗೆ ಅಂಚು ಹೊಂದಿಸಿ ಸೇರಿಸಿದರು. ಊರಾಚೆಯಿರುವ ನಮ್ಮ ಪಾಲಿಗೆ ಬಂದಿರುವುದು ಅದನ್ನು ಓದಲು ಬರುವಷ್ಟು ದೊಡ್ಡ ಅಕ್ಷರದಲ್ಲಿ ಮಕ್ಕಳ ಕಣ್ಣಿಗೆ ಬೀಳಿಸುವ ಕೆಲಸ. ಆರು ಹಾಳೆ, ಒಂದು ಕತ್ತರಿ, ಒಂದಿಷ್ಟು ಅಂಟು ಸಾಕು.