ಸಾಕುವವರಿಗೂ ಒಂದು ಆಸರೆ

ಹೆತ್ತವಳು ದೇವಕಿ, ಸಾಕಿದವಳು ಯಶೋದೆ. ಈ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಜಗನ್ನಾಥದಾಸರು ಬಾಳಿದ ಊರು ಮಾನ್ವಿ. ದಾಸರ ಪದಗಳನ್ನು ಕೇಳುತ್ತ ಬೆಳೆದ ಈ ಸೀಮೆಯ ಜನರಿಗೆ ಯಶೋದೆ ನೆರೆಮನೆಯವಳಿದ್ದಂತೆ. ಆದರೆ ಒಂದು ಮಾತನ್ನು ನಾವು ಮರೆಯುತ್ತೇವೆ. ಯಶೋದೆ ಒಬ್ಬಳೇ ಕೃಷ್ಣನನ್ನು ಸಾಕಲಿಲ್ಲ. ಬೆಣ್ಣೆ ಕದ್ದರೆ ದೂರು ತರುವ ನೆರೆಹೊರೆಯಿತ್ತು. ಹುಡುಗನ ಮೇಲೆ ಕಣ್ಣಿಟ್ಟ ಇಡೀ ಗೋಕುಲವಿತ್ತು. ಇಂದು ನಮ್ಮ ನಡುವೆ ಪರರ ಮಕ್ಕಳನ್ನು ಸಾಕುತ್ತಿರುವವರಿಗೆ ಅಂಥ ಗೋಕುಲವುಂಟೇ?

ರಾಯಚೂರು ಎರಡು ಹೊಳೆಗಳ ನಡುವಿನ ಜಿಲ್ಲೆಯೇನೋ ನಿಜ. ಆದರೂ ಕಾಲುವೆಯ ನೀರು ಮುಟ್ಟದ ಹಳ್ಳಿಗಳು ಇಲ್ಲಿವೆ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಾನ್ವಿಗಳ ಕಡೆಯಿಂದ ಜನ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ ಗುಳೆ ಹೊರಡುತ್ತಾರೆ. ಮಕ್ಕಳು ಅಜ್ಜಿಯ ಬಳಿ ಉಳಿಯುತ್ತವೆ. ಇನ್ನು ಕೆಲವು ಮಕ್ಕಳಿಗೆ ತಂದೆತಾಯಿ ಮರಳಿ ಬರುವ ಆಸೆಯೇ ಇಲ್ಲ. 2020–21ರ ಕೋವಿಡ್ ಪಿಡುಗು ಅಂಥವರ ಸಂಖ್ಯೆಯನ್ನು ಹೆಚ್ಚಿಸಿತು.

ಇಂಥ ಮಗುವಿಗೆ ಮನೆಯೇ ಮೊದಲು, ಸಂಸ್ಥೆ ಕೊನೆಯ ದಾರಿ ಎಂಬುದು 2015ರ ಬಾಲನ್ಯಾಯ ಕಾಯ್ದೆಯ ತತ್ತ್ವ. ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿಯು ವಿಚಾರಣೆ ನಡೆಸಿ, ಮಗುವನ್ನು ತಕ್ಕ ಕುಟುಂಬಕ್ಕೆ ಒಪ್ಪಿಸಬಹುದು. ಇದಕ್ಕೆ ಪೋಷಕತ್ವವೆಂದು ಹೆಸರು. ದತ್ತು ಬೇರೆ, ಪೋಷಕತ್ವ ಬೇರೆ. ದತ್ತು ಹೋದ ಮಗು ಆ ಮನೆಯದೇ ಆಗಿಬಿಡುತ್ತದೆ. ಪೋಷಕತ್ವದಲ್ಲಾದರೋ ಹೆತ್ತವರ ನಂಟು ಕಡಿಯುವುದಿಲ್ಲ. ಅವರ ಸ್ಥಿತಿ ಸುಧಾರಿಸಿದರೆ ಮಗು ಮರಳಬಹುದು. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕಾಗಿ ಮಗುವೊಂದಕ್ಕೆ ತಿಂಗಳಿಗೆ 4000 ರೂಪಾಯಿ ಗೊತ್ತುಪಡಿಸಿದ್ದಾರೆ. ಅನಾಥ ಮಗುವನ್ನು ಸಾಕುವ ಬಡ ಬಂಧುಗಳಿಗೆ ಇಷ್ಟೇ ಮೊತ್ತದ ಪ್ರಾಯೋಜಕತ್ವವುಂಟು. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನು ಕಾಣಬೇಕು.

ಕಾಯ್ದೆಯಿದೆ, ಹಣವೂ ಇದೆ. ಇನ್ನೇನು ಕೊರತೆ ಎಂದು ನೀವು ಕೇಳಬಹುದು. ದೇವದುರ್ಗದ ಹಳ್ಳಿಯೊಂದರಲ್ಲಿ ಇಬ್ಬರು ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿಯನ್ನು ನೆನೆದುಕೊಳ್ಳಿ. ಮರಣ ಪತ್ರ, ಆದಾಯ ಪತ್ರ, ಆಧಾರ್, ಬ್ಯಾಂಕಿನ ಪುಸ್ತಕ, ಇಷ್ಟನ್ನೂ ಅವಳು ಜೋಡಿಸಬೇಕು. ಕಚೇರಿಗೆ ಒಮ್ಮೆ ಹೋಗಿಬಂದರೆ ಒಂದು ದಿನದ ಕೂಲಿ ಹೋಯಿತು. ಪತ್ರದಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದ್ದರೆ ಮತ್ತೊಂದು ದಿನ. ಅಷ್ಟರಲ್ಲಿ ಅವಳೇ ಜ್ವರದಿಂದ ಮಲಗಿದರೆ ಮಕ್ಕಳಿಗೆ ಗಂಜಿ ಕಾಯಿಸುವವರು ಯಾರು? ಹತ್ತಿ ಬಿಡಿಸುವ ಸುಗ್ಗಿ ಬಂದಾಗ ದೊಡ್ಡ ಹುಡುಗಿ ಶಾಲೆ ಬಿಟ್ಟು ಹೊಲಕ್ಕೆ ಹೋಗುವುದು ಇಂಥ ದಿನಗಳಲ್ಲಿಯೇ. ಒಮ್ಮೆ ಬಿಟ್ಟ ಶಾಲೆಗೆ ಮರಳುವುದು ಸುಲಭವಲ್ಲ. ಆ ಮೇಲೆ ಬೇಗನೆ ಮದುವೆಯ ಮಾತು ಬರುತ್ತದೆ. ಗುಳೆ ಹೋದವರ ಮಕ್ಕಳಿಗಾದರೋ ತಂದೆತಾಯಿ ಬದುಕಿದ್ದಾರೆಂಬ ಕಾರಣಕ್ಕೆ ಅನಾಥರಿಗೆ ಸಲ್ಲುವ ನೆರವು ದೊರೆಯುವುದಿಲ್ಲ.

ಇಲ್ಲಿಯೇ ನೆರೆಹೊರೆಯ ಕೆಲಸ ಮೊದಲಾಗುವುದು. ಅದಕ್ಕೆ ದೊಡ್ಡ ಸಂಘ ಬೇಡ, ಉದ್ಘಾಟನೆ ಬೇಡ. ಓದುಬರಹ ಬಲ್ಲವರೊಬ್ಬರು ಅರ್ಜಿ ತುಂಬಿಕೊಡಲಿ. ಕಚೇರಿಗೆ ಜೊತೆಗೆ ಹೋಗಲಿ. ಓಣಿಯ ಮಹಿಳಾ ಸಂಘದವರು ಸಾಲಸೋಲದ ಲೆಕ್ಕ ಮುಗಿದ ಮೇಲೆ ಈ ಮಕ್ಕಳ ಸುದ್ದಿಯನ್ನೂ ಒಂದಿಷ್ಟು ವಿಚಾರಿಸಲಿ. "ಯಾಕಬೇ ಯಮ್ಮಾ, ಹುಡುಗಿ ಇವತ್ತು ಸಾಲಿಗೆ ಹೋಗಿಲ್ಲೇನು?" ಎಂದು ಕೇಳುವ ಒಂದು ದನಿಯಿದ್ದರೂ ಸಾಕು, ಮಗು ಕೈತಪ್ಪುವುದಿಲ್ಲ. ಪರರ ಮಕ್ಕಳನ್ನು ಸಾಕುವವರು ತಿಂಗಳಿಗೊಮ್ಮೆ ಅಂಗನವಾಡಿಯ ಕಟ್ಟೆಯ ಮೇಲೆ ಕೂಡಿ ಕಷ್ಟಸುಖ ಹೇಳಿಕೊಳ್ಳಲಿ. ಒಬ್ಬರ ಅನುಭವ ಇನ್ನೊಬ್ಬರಿಗೆ ದಾರಿಯಾಗುತ್ತದೆ. ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಯಲ್ಲಿಯೂ ಈ ಮಕ್ಕಳ ಮಾತು ಬರಲಿ.

ರಾಯಚೂರು ಪಟ್ಟಣದಲ್ಲಿರುವ ನಾವು ದೂರದವರೇನಲ್ಲ. ಬಡಾವಣೆಗಳಲ್ಲಿಯೂ ಇಂಥ ಮನೆಗಳಿವೆ. ಆದರೆ ಒಂದು ಎಚ್ಚರಿಕೆ ಇರಬೇಕು. ನಾಲ್ಕು ಜನರ ಮುಂದೆ ಮಗುವನ್ನು "ನಿಮ್ಮವ್ವ ಎಲ್ಲಿ?" ಎಂದು ಕೇಳಬಾರದು. ಪುಸ್ತಕ ಕೊಟ್ಟು ಫೋಟೋ ತೆಗೆಸಿ ಹಂಚಬಾರದು. ಇಂಥ ಮಕ್ಕಳ ಗುರುತನ್ನು ಪ್ರಕಟಿಸುವುದು ಕಾಯ್ದೆಗೂ ವಿರುದ್ಧ. ಮಗುವಿಗೆ ಹಿಂಸೆಯಾಗುತ್ತಿದೆಯೆಂದು ಅನುಮಾನ ಬಂದರೆ ಮಾತ್ರ ಸುಮ್ಮನಿರಬೇಡಿ. 1098ಕ್ಕೆ ಕರೆ ಮಾಡಿ. ಸಾಕುವವರಿಗೆ ಆಸರೆಯಾಗುವುದೆಂದರೆ ಅವರ ತಪ್ಪನ್ನು ಮುಚ್ಚುವುದಲ್ಲ.

ಹನಿಗೂಡಿದರೆ ಹಳ್ಳವೆಂದು ಹಿರಿಯರು ಹೇಳಿದ್ದಾರೆ. ಈ ಸಂಜೆ ರೇಡಿಯೋ ಆರಿಸಿದ ಮೇಲೆ ನಿಮ್ಮ ಓಣಿಯನ್ನು ಒಮ್ಮೆ ನೆನೆದುಕೊಳ್ಳಿ. ಯಾವ ಮನೆಯಲ್ಲಿ ಯಾರು ಯಾರ ಮಗುವನ್ನು ಸಾಕುತ್ತಿದ್ದಾರೆ? ನಾಳೆ ಆ ಬಾಗಿಲಿಗೆ ಹೋಗಿ ಕ್ಷೇಮ ವಿಚಾರಿಸಿ. ಗೋಕುಲ ಅಲ್ಲಿಂದಲೇ ಆರಂಭವಾಗಲಿ.