ರೋಗಿಗಲ್ಲ, ಚೀಟಿಗೆ ಪರೀಕ್ಷೆ ಇಡಿ!

(ಮಂಡ್ಯದಲ್ಲಿ ಸೇರಿದ್ದ ಕನ್ನಡ ಯುವಕರ ಸಭೆಯಲ್ಲಿ ಮದ್ದೂರಿನ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಪ್ರೆಸ್ಸಿಗೆ ಬಂದವನು. ಲಗ್ನಪತ್ರಿಕೆ, ಬಿಲ್ ಬುಕ್, ಡಾಕ್ಟರ ಚೀಟಿ ಪುಸ್ತಕ, ಆಸ್ಪತ್ರೆಯ ಫಾರಂ, ಇವೇ ನನ್ನ ಅನ್ನ. ಇವತ್ತು ನಿಮ್ಮ ಮುಂದೆ ನಿಂತಿರುವುದು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ.

ಮಳವಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನನ್ನ ದೊಡ್ಡವ್ವ ಇದ್ದಾರೆ. ಏಳನೇ ಕ್ಲಾಸು ಓದಿದವರು. ದಿನಾ ಪೇಪರ್ ಓದುತ್ತಾರೆ. ನಾನು ಅಚ್ಚು ಹಾಕಿದ ಲಗ್ನಪತ್ರಿಕೆಯಲ್ಲಿ ಕಾಗುಣಿತ ತಪ್ಪು ಹಿಡಿದು ಬೈದದ್ದೂ ಉಂಟು. ಕೆಲವು ವರ್ಷಗಳ ಹಿಂದೆ ಕಾಲಿನ ಗಾಯ ವಾಸಿಯಾಗದೆ ಅವರನ್ನು ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. ಕೌಂಟರಿನಲ್ಲಿದ್ದ ಹುಡುಗ ಇಂಗ್ಲಿಷ್ ಫಾರಂ ಮುಂದಿಟ್ಟು, "ಓದೋಕೆ ಬರುತ್ತಾ ಅಜ್ಜಿ?" ಎಂದ. ದೊಡ್ಡವ್ವ ಹಾಳೆ ತಿರುಗಿಸಿ ನೋಡಿ, "ಇದು ಬರಾಕಿಲ್ಲ ಕಣಪ್ಪ" ಎಂದರು. ಅಷ್ಟೇ! ಓದು ಬರಹ ಬಾರದವರು ಎಂಬ ಕಡೆ ಗುರುತು ಬಿತ್ತು. ಹೆಬ್ಬೆಟ್ಟಿಗೆ ಮಸಿ ಮುಂದೆ ಬಂತು. ದೊಡ್ಡವ್ವ ಮಾತಾಡಲಿಲ್ಲ, ಸೆರಗಿನಲ್ಲಿ ಕೈ ಮುಚ್ಚಿಕೊಂಡರು.

ನಾನು ಸಿಟ್ಟಿನಿಂದ ಫಾರಂ ಕಿತ್ತುಕೊಂಡು ನೋಡಿದೆ. ಅದರ ತಳದಲ್ಲಿ ಸಣ್ಣಕ್ಷರದಲ್ಲಿ ನನ್ನ ಪ್ರೆಸ್ಸಿನ ಹೆಸರಿತ್ತು!

ಒಳಗೆ ಹೋದೆವು. ಅಲ್ಲಿದ್ದ ಡಾಕ್ಟರಮ್ಮ ಒಳ್ಳೆಯವರು. "ಸಕ್ಕರೆ ಮಾತ್ರೆ ಹೇಗೆ ತಗೋತಾ ಇದ್ದೀರಿ, ನೀವೇ ಹೇಳಿ" ಎಂದು ಕೇಳಿದರು. ಹಳೆಯ ಚೀಟಿಯಲ್ಲಿ 1-0-1 ಎಂದು ಬರೆದಿತ್ತು. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ದೊಡ್ಡವ್ವ ಹೇಳಿದರು: "ಇವತ್ತು ಒಂದು, ನಾಳೆ ಬುಡು, ನಾಳಿದ್ದು ಒಂದು ಅಂತ ತಾನೆ ಬರ್ದವ್ರೆ?" ತಿಂಗಳುಗಟ್ಟಲೆ ದಿನ ಬಿಟ್ಟು ದಿನ ಒಂದೇ ಮಾತ್ರೆ! ಸಕ್ಕರೆ ಏರದೆ ಇನ್ನೇನಾಗುತ್ತದೆ? ಗಾಯ ಮಾಯುವುದಾದರೂ ಹೇಗೆ?

ಗೆಳೆಯರೇ, ಈ ಎರಡು ಪ್ರಶ್ನೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. "ಓದೋಕೆ ಬರುತ್ತಾ?" ಎಂಬ ಪ್ರಶ್ನೆ ದೊಡ್ಡವ್ವನಿಗೆ ಅವಮಾನ ಮಾಡಿತು. "ಹೇಗೆ ತಗೋತೀರಿ?" ಎಂಬ ಪ್ರಶ್ನೆ ಅವರ ಕಾಲು ಉಳಿಸಿತು.

ರೋಗಿಗೆ ಓದಿನ ಪರೀಕ್ಷೆ ಇಡುವುದು ಅಮೆರಿಕದಲ್ಲಿ ಹಳೆಯ ವಿದ್ಯೆ. 1991ರಲ್ಲಿ ರೆಲ್ಮ್ ಎಂಬ ಪರೀಕ್ಷೆ ಬಂತು. ಆಮೇಲೆ ಬಳಕೆಗೆ ನಿಂತ ಅದರ ಪಟ್ಟಿಯಲ್ಲಿ ವೈದ್ಯಕೀಯದ 66 ಇಂಗ್ಲಿಷ್ ಪದಗಳು. ರೋಗಿ ಜೋರಾಗಿ ಓದಬೇಕು, ಉಚ್ಚಾರಣೆಗೆ ಅಂಕ. ಅರ್ಥ ಗೊತ್ತೇ ಎಂದು ಅದು ಕೇಳುವುದಿಲ್ಲ. 2005ರಲ್ಲಿ ಇನ್ನೊಂದು ಬಂತು. ಐಸ್ ಕ್ರೀಂ ಡಬ್ಬಿಯ ಲೇಬಲ್ ಕೊಟ್ಟು 6 ಪ್ರಶ್ನೆ ಕೇಳುವುದು.

ಇದನ್ನೇ ಕನ್ನಡಕ್ಕೆ ತಂದರೆ ಸಾಲದೇ ಎನ್ನಬಹುದು. ಸಾಲದು! ಕನ್ನಡದಲ್ಲಿ ಬರೆದದ್ದನ್ನೇ ಓದುತ್ತೇವೆ. ಕಾಗುಣಿತ ಕಲಿತ ಮಗುವೂ "ಅಧಿಕ ರಕ್ತದೊತ್ತಡ" ಎಂದು ತಪ್ಪಿಲ್ಲದೆ ಓದುತ್ತದೆ. ಅದು ಅಪ್ಪನ ಬಿಪಿ ಎಂದು ಅದಕ್ಕೆ ಗೊತ್ತೇ? ಸ್ಪ್ಯಾನಿಷ್ ನುಡಿಯೂ ಹೀಗೆಯೇ. ಅದಕ್ಕೇ ಅವರು 2006ರಲ್ಲಿ ಅರ್ಥವನ್ನೂ ಕೇಳುವ ಬೇರೆ ಪರೀಕ್ಷೆ ಮಾಡಿಕೊಂಡರು.

ಓದಿದವರಿಗೆಲ್ಲ ಅರ್ಥವಾಗುತ್ತದೆ ಎಂಬುದೂ ಸುಳ್ಳು. 2006ರಲ್ಲೇ ಅಮೆರಿಕದ 395 ರೋಗಿಗಳಿಗೆ ಮಾತ್ರೆ ಸೀಸೆಯ ಲೇಬಲ್ ಓದಿಸಿದರು. ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ಮಾತ್ರೆ ಎಂಬ ಸೂಚನೆ. ಓದು ಕಡಿಮೆ ಇದ್ದವರಲ್ಲಿ ನೂರಕ್ಕೆ 71 ಮಂದಿ ಸರಿಯಾಗಿ ಹೇಳಿದರು. ದಿನಕ್ಕೆ ಎಷ್ಟು ಮಾತ್ರೆ, ಎಣಿಸಿ ತೋರಿಸಿ ಎಂದಾಗ ಸರಿಯಾಗಿ ತೋರಿಸಿದವರು 35 ಮಂದಿ! ಅದೂ ಇಂಗ್ಲಿಷಿನ ನಾಡಿನಲ್ಲಿ. ಕೊನೆಗೆ ಅಲ್ಲಿಯ ಸರ್ಕಾರಿ ಸಂಸ್ಥೆಯೇ 2010ರಲ್ಲಿ ಕೈಪಿಡಿ ತಂದು ಹೇಳಿತು: ಯಾರು ದಡ್ಡರು ಎಂದು ಹುಡುಕಬೇಡಿ, ಯಾರಿಗೆ ಬೇಕಾದರೂ ಅರ್ಥವಾಗದೆ ಇರಬಹುದು ಎಂದುಕೊಂಡು ಎಲ್ಲರಿಗೂ ಸುಲಭವಾಗಿ ಹೇಳಿ, ಹೇಳಿದ್ದನ್ನು ಅವರ ಬಾಯಲ್ಲೇ ಹೇಳಿಸಿ. ನಮ್ಮ ಡಾಕ್ಟರಮ್ಮ ಮಾಡಿದ್ದೂ ಅದನ್ನೇ.

ನಮ್ಮ ಕಡೆಗೆ ಬನ್ನಿ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 70 ಜನ ಅಕ್ಷರಸ್ಥರು. ಇವರಲ್ಲಿ ಬಹುಪಾಲು ಜನ ಕಲಿತ ಅಕ್ಷರ ಯಾವುದು? ಕನ್ನಡ! ಅವರ ಕೈಗೆ ಇಂಗ್ಲಿಷ್ ಚೀಟಿ ಕೊಟ್ಟ ಕ್ಷಣವೇ ನಾವು ಅವರನ್ನು ಹೆಬ್ಬೆಟ್ಟು ಮಾಡುತ್ತೇವೆ. ಮಾತ್ರೆಯ ಹಾಳೆ ತಿರುಗಿಸಿ ನೋಡಿ. ಇಂಗ್ಲಿಷ್ ಇದೆ, ಕೆಲವದರಲ್ಲಿ ಹಿಂದಿಯೂ ಇದೆ. ಕನ್ನಡ ಎಲ್ಲಿ? 2016ರಲ್ಲಿ ವೈದ್ಯಕೀಯ ಮಂಡಳಿ ಔಷಧದ ಹೆಸರನ್ನು ಓದಲು ಬರುವಂತೆ, ಆದರೆ ದೊಡ್ಡಕ್ಷರದಲ್ಲಿ ಬರೆಯಿರಿ ಎಂದಿತು. ದೊಡ್ಡಕ್ಷರವಾದರೇನು, ಇಂಗ್ಲಿಷ್ ಇಂಗ್ಲಿಷೇ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು, ಸರ್ಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಔಷಧದ ಹೆಸರು ಇಂಗ್ಲಿಷಿನಲ್ಲೂ ಇರಲಿ, ಅಂಗಡಿಯವನಿಗೆ ಗೊಂದಲವಾಗಬಾರದು. ಆದರೆ ಯಾವಾಗ, ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ, ಇದು ನುಂಗುವವರ ನುಡಿಯಲ್ಲೇ ಇರಬೇಕು.

ಮುದ್ರಕನಾಗಿ ಇನ್ನೊಂದು ಮಾತು. ಬರೀ ಕನ್ನಡ ಅಚ್ಚು ಹಾಕಿದರೆ ಸಾಲದು. "ಔಷಧವನ್ನು ಸೇವಿಸತಕ್ಕದ್ದು" ಎಂದರೆ ನನ್ನ ದೊಡ್ಡವ್ವ ನಗುತ್ತಾರೆ. "ಬೆಳಿಗ್ಗೆ ತಿಂಡಿ ಆದ ಮೇಲೆ ಒಂದು ಮಾತ್ರೆ" ಎಂದು ಬರೆಯಿರಿ. ಅಕ್ಷರ ತೀರ ಸಣ್ಣದಾದರೆ ಒತ್ತಕ್ಷರದಲ್ಲಿ ಮಸಿ ತುಂಬಿ ಚುಕ್ಕಿಯಾಗುತ್ತದೆ. ಕನ್ನಡಕ ಮರೆತು ಬಂದ ಮುದುಕರ ಕಣ್ಣಿಗೂ ಕಾಣುವಂತಿರಲಿ.

ನಾನು ಈಗ ಮಾಡುತ್ತಿರುವುದು ಇಷ್ಟು. ಚೀಟಿ ಪುಸ್ತಕಕ್ಕೆ ಯಾರೇ ಆರ್ಡರ್ ಕೊಡಲಿ, ತಳದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮನೆಗಳನ್ನು ಕನ್ನಡದಲ್ಲಿ ಹಾಕಿ ತೋರಿಸುತ್ತೇನೆ, ಅದಕ್ಕೆ ಬೇರೆ ದುಡ್ಡಿಲ್ಲ. ಕೆಲವರು ಬೇಡ ಎನ್ನುತ್ತಾರೆ. ಬಹಳ ಜನ ಒಪ್ಪುತ್ತಾರೆ. ಯಾರೂ ಕೇಳಿರಲಿಲ್ಲ, ಅದಕ್ಕೇ ಇರಲಿಲ್ಲ!

ಕೇಳುವ ಕೆಲಸ ನಿಮ್ಮದು. ಬೆಂಗಳೂರು, ಮೈಸೂರಿನಲ್ಲಿ ದುಡಿಯುವ ನೀವು ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪ ಅಮ್ಮನ ಮಾತ್ರೆ ಡಬ್ಬಿ ತೆರೆಯಿರಿ. "ಗೊತ್ತಾಯ್ತಾ?" ಎನ್ನಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ಹೇಗೆ ತಗೋತೀಯ, ಹೇಳವ್ವ" ಎನ್ನಿ. ತಪ್ಪಿದ್ದರೆ ಡಾಕ್ಟರನ್ನೋ ಅಂಗಡಿಯವರನ್ನೋ ಕೇಳಿ ಕನ್ನಡದಲ್ಲಿ ಬರೆದಿಡಿ. ಆಸ್ಪತ್ರೆಯಲ್ಲಿ ಕನ್ನಡ ಫಾರಂ ಕೇಳಿ. ಇಲ್ಲ ಎಂದರೆ ಜಗಳ ಬೇಡ, ಅರ್ಜಿ ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ದೊಡ್ಡವ್ವ ಅವತ್ತು ಹೆಬ್ಬೆಟ್ಟು ಒತ್ತಲಿಲ್ಲ. ಪೆನ್ನು ಕೇಳಿ ಇಸಿದುಕೊಂಡು, ಆ ಇಂಗ್ಲಿಷ್ ಫಾರಂ ಮೇಲೆ ದುಂಡಗೆ ಕನ್ನಡದಲ್ಲಿ ತಮ್ಮ ಹೆಸರು ಬರೆದರು. ನಾನು ಅಚ್ಚು ಹಾಕಿದ ಆ ಹಾಳೆಯಲ್ಲಿ ಅವರಿಗೆ ಓದಲು ಬಂದ ಅಕ್ಷರ ಅದೊಂದೇ!