ಗಣಿಯಲ್ಲಿ ಕಲಿಕೆಯ ಒಂದು ವರ್ಷ



ಸಂಡೂರಿನ ಗುಡ್ಡಸಾಲಿನಲ್ಲಿರುವ ದೋಣಿಮಲೈ ಕಬ್ಬಿಣದ ಅದಿರಿನ ಗಣಿಯಲ್ಲಿ ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಉತ್ಪಾದನೆ ಆರಂಭಿಸಿತು. ಸಂಡೂರು, ಹೊಸಪೇಟೆ, ಕಂಪ್ಲಿ ಸೀಮೆಯ ಎಷ್ಟೋ ರೈತ ಕುಟುಂಬಗಳ ಕಣ್ಣು ಅಂದಿನಿಂದಲೂ ಆ ಗುಡ್ಡದ ಮೇಲಿದೆ. ಐ.ಟಿ.ಐ. ಅಥವಾ ಡಿಪ್ಲೊಮಾ ಮುಗಿಸಿದ ಮಗ ಅಲ್ಲಿಗೆ ಅಪ್ರೆಂಟಿಸ್ ಆಗಿ ಆಯ್ಕೆಯಾದನೆಂದರೆ ನೆಂಟರಿಗೆಲ್ಲ ಸಕ್ಕರೆ ಹಂಚುವವರುಂಟು. ಸಂತೋಷಪಡುವುದು ತಪ್ಪಲ್ಲ. ಆದರೆ ಸಿಕ್ಕಿರುವುದು ಏನು ಎಂಬುದು ಮನೆಯವರಿಗೆ ಮೊದಲ ದಿನವೇ ತಿಳಿದಿರಬೇಕು.

ಅಪ್ರೆಂಟಿಸ್ ತರಬೇತಿ 1961ರ ಕಾಯಿದೆಯಂತೆ ನಡೆಯುವಂಥದು. ಆ ಕಾಯಿದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ನೌಕರನಲ್ಲ. ಅವನಿಗೆ ದೊರೆಯುವುದು ಸಂಬಳವಲ್ಲ, ಸ್ಟೈಪೆಂಡ್. ತರಬೇತಿ ಮುಗಿದ ಮೇಲೆ ಅದೇ ಸಂಸ್ಥೆ ಕೆಲಸ ಕೊಡಲೇಬೇಕೆಂಬ ಕಡ್ಡಾಯವೂ ಇಲ್ಲ. ಇದನ್ನರಿಯದೆ 'ಮಗ ಗಣಿಗೆ ಸೇರಿದ' ಎಂದು ಎತ್ತು ಮಾರಿ, ಹೊಲ ಬೀಳುಬಿಟ್ಟು, ಸಾಲ ತೆಗೆದು ಬೈಕು ಕೊಂಡರೆ ವರ್ಷದ ಕೊನೆಗೆ ಸಾಲ ಮಾತ್ರ ಉಳಿಯುತ್ತದೆ.

ಗಣಿಯನ್ನೇ ನಂಬಿ ಕುಳಿತವರು ಕೆಟ್ಟದ್ದನ್ನು ಈ ಸೀಮೆ ಕಣ್ಣಾರೆ ಕಂಡಿದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿದಾಗ, ಸಾಲದ ಮೇಲೆ ಕೊಂಡ ಲಾರಿಗಳು ಊರೂರಲ್ಲಿ ಸಾಲಾಗಿ ನಿಂತವು. ದೋಣಿಮಲೈ ಗಣಿಯೂ ಗುತ್ತಿಗೆ ನವೀಕರಣದ ವಿವಾದದಿಂದಾಗಿ 2018ರ ನವೆಂಬರಿನಿಂದ 2021ರ ಫೆಬ್ರುವರಿಯವರೆಗೆ ನಿಂತಿತ್ತು. ಗಣಿ ನಿಂತರೂ ಕೈಯಲ್ಲಿರುವ ಕೆಲಸ ನಿಲ್ಲದು. ಆದ್ದರಿಂದ ಆ ಒಂದು ವರ್ಷದಲ್ಲಿ ಹುಡುಗ ಗುಡ್ಡದಿಂದ ಇಳಿಸಿಕೊಂಡು ಬರಬೇಕಾದದ್ದು ಕಸುಬನ್ನು.

ಅಲ್ಲಿ ಕಲಿಯಲು ಏನಿದೆ? ಬಂಡೆಗೆ ರಂಧ್ರ ಕೊರೆದು ಸಿಡಿಸುವುದು, ಶಾವೆಲ್ ಯಂತ್ರದಿಂದ ಡಂಪರಿಗೆ ತುಂಬುವುದು, ಕ್ರಷರಿನಲ್ಲಿ ಒಡೆಯುವುದು, ಜರಡಿ ಹಿಡಿದು ಗಟ್ಟಿ ಅದಿರನ್ನೂ ಪುಡಿ ಅದಿರನ್ನೂ ಬೇರ್ಪಡಿಸುವುದು, ಬೆಲ್ಟಿನ ಮೇಲೆ ಕೆಳಗಿಳಿಸಿ ರೈಲು ವ್ಯಾಗನ್ನಿಗೆ ತುಂಬುವುದು. ಇವೆಲ್ಲದರ ಹಿಂದೆ ಫಿಟ್ಟರ್, ಎಲೆಕ್ಟ್ರಿಷಿಯನ್, ವೆಲ್ಡರ್, ಡೀಸೆಲ್ ಮೆಕ್ಯಾನಿಕ್ ದುಡಿಮೆ ಇರುತ್ತದೆ. ಹೊಸಬನನ್ನು ಕೆಲವೊಮ್ಮೆ ಸ್ಪ್ಯಾನರ್ ಹೊರಲು, ಚಹಾ ತರಲು ಹಚ್ಚುವುದುಂಟು. ಮೊದಲ ವಾರ ಅದನ್ನೂ ಮಾಡಲಿ, ಹಿರಿಯ ಮೇಸ್ತ್ರಿಯ ವಿಶ್ವಾಸ ಹಾಗೆಯೇ ಬೆಳೆಯುವುದು. ಆದರೆ ತಿಂಗಳಾದರೂ ಉಪಕರಣ ಕೈಗೆ ಬರದಿದ್ದರೆ ತರಬೇತಿಯ ಹೊಣೆ ಹೊತ್ತ ಅಧಿಕಾರಿಯನ್ನು ಕಂಡು, ಒಪ್ಪಂದದ ಪ್ರತಿ ತೋರಿಸಿ, ತನ್ನ ಟ್ರೇಡಿನ ಕೆಲಸ ಕೊಡಿರೆಂದು ವಿನಯದಿಂದ ಕೇಳಬೇಕು. ಸಂಕೋಚದಿಂದ ಸುಮ್ಮನಿದ್ದು ವರ್ಷ ಕಳೆದುಕೊಂಡವರೇ ಹೆಚ್ಚು.

ಇನ್ನು ಡೈರಿ. ದಿನವೂ ಮಾಡಿದ ಕೆಲಸವನ್ನು ಬರೆದಿಡಬೇಕೆಂಬ ನಿಯಮವಿದೆ. ಅನೇಕರು ತಿಂಗಳ ಕೊನೆಗೆ ಒಂದೇ ರಾತ್ರಿ ಕುಳಿತು ಮೂವತ್ತು ದಿನದ್ದನ್ನೂ ಗೀಚುತ್ತಾರೆ. 'ಇಂದು ಬೆಲ್ಟ್ ರಿಪೇರಿ' ಎಂದಷ್ಟೇ ಬರೆದರೆ ಆರು ತಿಂಗಳ ಮೇಲೆ ಬರೆದವನಿಗೇ ಅದು ಅರ್ಥವಾಗದು. ಬೆಲ್ಟ್ ಯಾವ ಕಡೆಗೆ ಸರಿಯುತ್ತಿತ್ತು, ಮಳೆಯಲ್ಲಿ ನೆಂದ ಪುಡಿ ಅದಿರು ಪುಲ್ಲಿಗೆ ಮೆತ್ತಿಕೊಂಡಿತ್ತೇ, ರೋಲರ್ ತಿರುಗದೆ ಹಿಡಿದುಕೊಂಡಿತ್ತೇ, ಅದಿರು ಬೆಲ್ಟಿನ ನಡುವೆ ಬೀಳದೆ ಒಂದೇ ಮಗ್ಗುಲಿಗೆ ಬೀಳುತ್ತಿತ್ತೇ, ಮೇಸ್ತ್ರಿ ಯಾವುದನ್ನು ಮೊದಲು ನೋಡಿದ, ಯಾವ ಬೋಲ್ಟನ್ನು ಎಷ್ಟು ಸಡಿಲಿಸಿದ, ಎಷ್ಟು ಹೊತ್ತು ಹಿಡಿಯಿತು - ಇಷ್ಟನ್ನು ಬರೆದು ಪಕ್ಕದಲ್ಲಿ ಒಂದು ಚಿಕ್ಕ ಚಿತ್ರ ಹಾಕಬೇಕು. ಗಂಗಾವತಿ ಅಥವಾ ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮುಂದೆ ಕೆಲಸ ಕೇಳಲು ಹೋದಾಗ ಇದೇ ಡೈರಿ ಅವನ ಪರವಾಗಿ ಮಾತಾಡುತ್ತದೆ. ಅಲ್ಲಿಯೂ ಬೆಲ್ಟು, ಬೇರಿಂಗು, ಮೋಟಾರುಗಳೇ ಅಲ್ಲವೇ! ಕಾಲುವೆ ದಂಡೆಯ ಪಂಪ್‌ಸೆಟ್ಟಿನ ಮೋಟಾರು ಬಿಸಿಯಾಗಿ ಕೂಗತೊಡಗಿದಾಗ, ಅದು ಸುಟ್ಟುಹೋಗುವ ಮೊದಲೇ ಬೇರಿಂಗ್ ಸವೆದಿದೆಯೆಂದು ಕಿವಿಯಿಂದಲೇ ಗುರುತಿಸುವ ಹುಡುಗ ಊರಿಗೊಬ್ಬನಿದ್ದರೂ ಬೆಳೆಗೆ ನೀರು ತಪ್ಪದು.

ಸುರಕ್ಷತೆಯ ವಿಷಯದಲ್ಲಿ ಸಡಿಲಿಕೆ ಸಲ್ಲದು. ಗಣಿ ಕೆಲಸಕ್ಕೆ ಇಳಿಯುವ ಮೊದಲು ತರಬೇತಿ ಪಡೆಯಬೇಕೆಂಬುದು 1966ರ ಗಣಿ ವೃತ್ತಿ ತರಬೇತಿ ನಿಯಮಗಳಿಂದ ಬಂದ ಪದ್ಧತಿ. ಅದನ್ನು ಬೇಸರದ ಪಾಠವೆಂದು ತಿಳಿಯಬಾರದು. ಒಕ್ಕಣೆ ಯಂತ್ರಕ್ಕೆ ಸೆರಗೋ ಟವೆಲ್ಲೋ ಸಿಕ್ಕಿ ಕೈ ಕಳೆದುಕೊಂಡವರ ಸುದ್ದಿ ಕೇಳದ ರೈತನಿಲ್ಲ. ಗಣಿಯ ಬೆಲ್ಟ್ ಅದಕ್ಕಿಂತ ಬಲವಾದದ್ದು. ವಿದ್ಯುತ್ತು ಕಡಿದು, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈ ಕೆಲಸ ಮಾಡುವವನ ಜೇಬಿಗೆ ಸೇರುವವರೆಗೆ ಯಾರೇ ಹೇಳಿದರೂ ಬೆಲ್ಟಿಗೆ ಕೈ ಹಾಕಕೂಡದು. 'ಒಂದು ನಿಮಿಷದ ಕೆಲಸ' ಎಂದು ಅವಸರಪಡಿಸುವವರಿದ್ದಾರು. ಆಗ ಹಿಂದೆ ಸರಿದು ನಿಂತವನನ್ನು ಹೇಡಿಯೆಂದು ಮನೆಯವರಾದರೂ ನಗಬಾರದು. ಕೆಂಪು ಧೂಳಿನಲ್ಲಿ ಮುಖಗವಸು ಹಾಕುವುದೂ ಹಾಗೆಯೇ.

ತಂದೆತಾಯಿಗಳ ಪಾಲೂ ಇದರಲ್ಲಿದೆ. ಮುಂಗಾರು ಬಿತ್ತನೆಗೆ, ಸುಗ್ಗಿಗೆ, ಜಾತ್ರೆಗೆ ಎಂದು ಹುಡುಗನನ್ನು ಪದೇ ಪದೇ ಕರೆಸಿಕೊಂಡರೆ ಹಾಜರಿ ಕಡಿಮೆಯಾಗುತ್ತದೆ, ತರಬೇತಿ ಅರ್ಧಕ್ಕೆ ನಿಂತೀತು. ಆ ವರ್ಷದ ಆಳಿನ ವ್ಯವಸ್ಥೆಯನ್ನು ಮುಂಚೆಯೇ ಮಾಡಿಕೊಳ್ಳಬೇಕು. ಸ್ಟೈಪೆಂಡ್ ಪೂರ್ತಿ ಮನೆಗೇ ಬರಬೇಕೆಂದು ಹಟ ಹಿಡಿಯುವುದೂ ಬೇಡ. ಅದರಲ್ಲಿ ಒಂದು ಮಲ್ಟಿಮೀಟರ್, ಒಂದು ಸ್ಪ್ಯಾನರ್ ಸೆಟ್ಟು ಬಂದರೆ ಅದೂ ಮನೆಯ ಆಸ್ತಿಯೇ. ಹೆಣ್ಣುಮಕ್ಕಳು ಆಯ್ಕೆಯಾದರೆ, ಗಣಿಯೆಂಬ ಹೆಸರು ಕೇಳಿಯೇ ಬೇಡವೆನ್ನುವ ಮೊದಲು, ಎಲ್ಲಿ ಕೆಲಸ, ಯಾವ ಪಾಳಿ, ವಸತಿ ಹೇಗೆ ಎಂದು ಹೋಗಿ ವಿಚಾರಿಸಿ ಬನ್ನಿ.

ಕೊನೆಯ ಎರಡು ತಿಂಗಳು ಕಾಗದಪತ್ರಗಳ ಕಾಲ. ಐ.ಟಿ.ಐ. ಮುಗಿಸಿದವರು ಟ್ರೇಡ್ ಪರೀಕ್ಷೆಗೆ ಕುಳಿತು ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ ಪಡೆಯಬೇಕು. ಡಿಪ್ಲೊಮಾದವರಿಗೆ ಅದು ಚೆನ್ನೈನಲ್ಲಿರುವ ತರಬೇತಿ ಮಂಡಳಿಯಿಂದ ಬರುತ್ತದೆ. ಒಪ್ಪಂದದಲ್ಲಿ, ಆಧಾರಿನಲ್ಲಿ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಹೆಸರೂ ಇನಿಷಿಯಲ್ಲೂ ಒಂದೇ ರೀತಿ ಇವೆಯೇ ಎಂದು ಈಗಲೇ ನೋಡಿಕೊಳ್ಳಿರಿ. ಬೇರೆ ಕಡೆಯ ಕೆಲಸಗಳಿಗೆ ಅರ್ಜಿ ಹಾಕುವುದನ್ನೂ ಇದೇ ಎರಡು ತಿಂಗಳಲ್ಲಿ ಆರಂಭಿಸಬೇಕು.